ದೊಡ್ಡಮ್ಮನ ಹೆಸರು ಇತ್ತಾ?

ಇವತ್ತು ಬೆಳಿಗ್ಗೆ ಬಸ್ರೂರಿನಿಂದ ಒಬ್ಬ ಹೆಂಗಸು ಕುಂದಾಪುರದ ನನ್ನ ಅಂಗಡಿಗೆ ಬಂದಿದ್ದಳು. ಹೊಲಿಗೆ ಅಂಗಡಿ ಇಟ್ಟಿದ್ದಾಳಂತೆ, ಕೆಲಸ ಕೈತುಂಬ ಇದೆಯಂತೆ, ಈಗ ಒಂದು ವೆಬ್‌ಸೈಟ್ ಬೇಕಂತೆ. ಹೆಸರನ್ನೂ ಯೋಚಿಸಿಕೊಂಡೇ ಬಂದಿದ್ದಳು. "ಈ ಹೆಸ್ರ್ ಸಿಕ್ಕತ್ತಾ ಕಾಣಿ" ಎಂದು ಕುರ್ಚಿಯ ತುದಿಯಲ್ಲಿ ಕೂತಳು. ನಾನು ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿ ತೆರೆದು, ಹೂಈಸ್ ಎಂದು ಟೈಪ್ ಮಾಡಿ, ಪಕ್ಕದಲ್ಲಿ ಅವಳು ಹೇಳಿದ ಹೆಸರು ಹಾಕಿ ಎಂಟರ್ ಒತ್ತಿದೆ. ಸಾಲುಗಳು ಸರಸರ ಇಳಿದವು. ನಡುವಿನ ಒಂದು ಸಾಲಿನಲ್ಲಿ ‘ರಿಡೆಂಪ್ಶನ್ ಪೀರಿಯಡ್’ ಎಂದು ಕಂಡಿತು. ಅಷ್ಟೇ. ಆ ಮಾತನ್ನು ನಾನು ಮೊದಲೂ ಒಂದು ಸಲ ಕಂಡಿದ್ದೆ. ಅವಳಿಗೆ ಬೇಕಾದ ಹೆಸರು ಯಾರದೋ ಕೈಯಿಂದ ಜಾರುತ್ತಿತ್ತು, ಇನ್ನೂ ಪೂರ್ತಿ ಜಾರಿರಲಿಲ್ಲ. "ಒಂದು ನಿಮಿಷ" ಎಂದು ಅವಳಿಗೆ ಹೇಳಿ, ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ನಿಮಗೆ ಈ ಕಪ್ಪು ಕಿಟಕಿಯ ಪರಿಚಯ ಇಲ್ಲದಿದ್ದರೆ ಸ್ವಲ್ಪ ಹೇಳಿಬಿಡುತ್ತೇನೆ. ಕಂಪ್ಯೂಟರಿನೊಳಗೆ ಚಿತ್ರ, ಗುಂಡಿ, ಬಣ್ಣ ಯಾವುದೂ ಇಲ್ಲದ ಒಂದು ಜಾಗ ಇರುತ್ತದೆ. ಅಲ್ಲಿ ನಮಗೆ ಬೇಕಾದ್ದನ್ನು ಅಕ್ಷರದಲ್ಲೇ ಬರೆದು ಕೇಳಬೇಕು. ಹೂಈಸ್ ಎಂದರೆ ‘ಯಾರದು?’ ಎಂದು ಬಾಗಿಲು ತಟ್ಟಿದ ಹಾಗೆ. ಮುಂದೆ ಒಂದು ವೆಬ್‌ಸೈಟಿನ ಹೆಸರು ಬರೆದರೆ, ಅದನ್ನು ಯಾವ ಕಂಪನಿಯ ಮೂಲಕ ತೆಗೆದುಕೊಂಡಿದ್ದಾರೆ, ಯಾವತ್ತು ತೆಗೆದುಕೊಂಡರು, ಕೊನೆಯ ಸಲ ಯಾವತ್ತು ಕೈ ಹಚ್ಚಿದರು, ಯಾವತ್ತಿನವರೆಗೆ ಅದು ಅವರದು, ಎಲ್ಲವನ್ನೂ ಒಪ್ಪಿಸುತ್ತದೆ. ಇಂಟರ್ನೆಟ್ಟಿನ ಹೆಸರು ಕ್ರಯಕ್ಕೆ ಸಿಗುವಂಥದ್ದಲ್ಲ, ಗೇಣಿ ಗದ್ದೆಯ ಹಾಗೆ. ವರ್ಷ ವರ್ಷ ಕಟ್ಟಿದರೆ ನಮ್ಮದು, ಬಿಟ್ಟರೆ ಇನ್ನೊಬ್ಬರದು.

ನನ್ನಂಥ ನಿಂತಲ್ಲಿ ನಿಲ್ಲದ ಜೀವದ ಕೈಗೆ ಇಂಥದ್ದೊಂದು ಸಿಗಬಾರದಿತ್ತು. ನಾನು ಬೀಗ ಹಾಕಿದ ಮೇಲೆ ಮೆಟ್ಟಿಲಿಳಿದು, ಮತ್ತೆ ಮೆಟ್ಟಿಲು ಹತ್ತಿ ಬೀಗ ಜಗ್ಗಿ ನೋಡುವವಳು. ಹತ್ತುವ ಉದ್ದೇಶವೇ ಇಲ್ಲದ ರೈಲು ಎಲ್ಲಿಗೆ ಬಂತು ಎಂದು ಫೋನಿನಲ್ಲಿ ನೋಡುತ್ತಾ ಕೂರುವವಳು. "ಇವ್ಳ್ ಕಾಲಡಿಗೆ ಕೆಂಡ ಇತ್ತ್" ಎಂದು ನನ್ನ ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಮದುವೆ ಕಾಗದ, ಬ್ಯಾನರು, ಆನ್‌ಲೈನ್ ಅರ್ಜಿ, ನಡುವೆ ಒಂದೊಂದು ವೆಬ್‌ಸೈಟು, ಹೀಗೆ ದಿನ ಕಳೆಯುವ ನನ್ನ ಅಂಗಡಿಯಲ್ಲಿ ಕೈ ಒಂದು ಗಳಿಗೆ ಬಿಡುವಾದರೂ ಆ ಕಿಟಕಿ ತೆರೆದುಕೊಳ್ಳುತ್ತದೆ. ಕಾಗದದಲ್ಲಿ ಅಚ್ಚಾಗುತ್ತಿರುವ ಛತ್ರದ ಹೆಸರು ಯಾರದ್ದು? ಎದುರಿನ ಬೇಕರಿಯ ಹೆಸರು ಖಾಲಿ ಇದೆಯೇ? ತಿಳಿದು ನನಗೆ ಆಗಬೇಕಾದ್ದು ಏನೂ ಇಲ್ಲ. ಆದರೆ ಇಷ್ಟು ಹೆಸರುಗಳನ್ನು ಸುಮ್ಮನೆ ಕೇಳುವುದು, ಒಂದೇ ಒಂದು ಹೆಸರನ್ನು ಮತ್ತೆ ಮತ್ತೆ ಕೇಳಬಾರದು ಎಂದು ಕೈಯನ್ನು ಬೇರೆ ಕಡೆ ತಿರುಗಿಸುವುದಕ್ಕೆ. ಆ ಹೆಸರು ನಾವುಂದದ ನನ್ನ ದೊಡ್ಡಮ್ಮನದು.

ದೊಡ್ಡಮ್ಮ ಎಂದರೆ ಜಲಜಮ್ಮ. ನಾವುಂದದಲ್ಲಿ ಹಪ್ಪಳದ ಜಲಜಮ್ಮ ಎಂದರೆ ಬಸ್ಸಿನ ಕಂಡಕ್ಟರೂ ಮನೆ ತೋರಿಸುತ್ತಾರೆ. ಬೇಸಗೆ ಬಂತೆಂದರೆ ಅವರ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಲಸಿನ ಹಪ್ಪಳ, ಉದ್ದಿನ ಹಪ್ಪಳ, ಅಕ್ಕಿ ಸಂಡಿಗೆ, ಚಾಪೆಯ ಮೇಲೆ ಚಾಪೆ. ಮಗ ಮತ್ತು ಸೊಸೆಯೂ ಅದೇ ಕೆಲಸಕ್ಕೆ ಕೈ ಜೋಡಿಸಿದ್ದಾರೆ. ಆದರೆ ಇದನ್ನು ವ್ಯಾಪಾರ ಎಂದು ಮೊದಲು ಕಂಡವಳು ಮಗಳು, ನನ್ನ ಸುಮತಿಯಕ್ಕ. "ಅಮ್ಮನ ಹಪ್ಳಕ್ಕೆ ಅಮ್ಮನದ್ದೇ ಹೆಸ್ರ್ ಇಟ್ಟ್ ಒಂದ್ ಸೈಟ್ ಮಾಡುವ" ಎಂದು ಒಂದು ದಿನ ನನ್ನ ಅಂಗಡಿಗೆ ಓಡಿ ಬಂದಳು. ಆಗ ನಾನು ಅಂಗಡಿ ಹಾಕಿದ ಹೊಸತು, ಕಾಗದ ಅಚ್ಚು ಹಾಕುವುದು ಬಿಟ್ಟರೆ ಏನೂ ಬಾರದು. ಬ್ರಹ್ಮಾವರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ವಿಲ್ಫ್ರೆಡ್ ಎಂಬವನಿಗೆ ವೆಬ್‌ಸೈಟ್ ಮಾಡಲು ಬರುತ್ತಿತ್ತು. ಎಲ್ಲರೂ ವಿಲ್ಲಿ ಎನ್ನುತ್ತಿದ್ದರು. ಅವನನ್ನೇ ಕರೆಸಿದೆವು.

ಕಪ್ಪು ಕಿಟಕಿಯನ್ನು ನನಗೆ ತೋರಿಸಿಕೊಟ್ಟದ್ದು ಅವನೇ. ಜಲಜಮ್ಮ ಹಪ್ಪಳ ಎಂದು ಎರಡೂ ಶಬ್ದ ಅಂಟಿಸಿ, ಕೊನೆಗೆ ಡಾಟ್ ಕಾಮ್ ಹಾಕಿ ಎಂಟರ್ ಒತ್ತಿ, "ಯಾರೂ ತಕಣ್ಲಿಲ್ಲೆ. ಇದ್ ನಿಮ್ದೇ" ಎಂದ. ಸುಮತಿಯಕ್ಕನ ಹೆಸರಿನಲ್ಲಿ, ನಾವುಂದದ ಮನೆಯ ವಿಳಾಸ ಕೊಟ್ಟು ಅದನ್ನು ದಾಖಲು ಮಾಡಿದ್ದಾಯಿತು. ಆಮೇಲೆ ಹಪ್ಪಳದ ಪಟ ತೆಗೆಯಲು ವಿಲ್ಲಿ ನಾವುಂದಕ್ಕೆ ಹೋದ. ಒಂದು ದಿನ ಬೆಳಕು ಸಾಲಲಿಲ್ಲ ಎಂದು ಮತ್ತೊಂದು ದಿನ ಹೋದ. ಹಸಿ ಹಪ್ಪಳದ್ದು ಆಯಿತು, ಒಣಗಿದ್ದು ಬೇಕು ಎಂದು ಮತ್ತೆ ಹೋದ. ಒಣಗಿದ್ದಾಯಿತು, ಕರಿದದ್ದು ಬೇಡವೇ? ಹೀಗೆ ಒಂದು ಹಪ್ಪಳಕ್ಕೆ ಎಷ್ಟು ಅವಸ್ಥೆಗಳಿವೆಯೋ ಅಷ್ಟು ಸಲ ಹೋದ. ಆ ಬೇಸಗೆ ಮುಗಿದು ಮಳೆಗಾಲ ಕಳೆಯುವ ಹೊತ್ತಿಗೆ ಸುಮತಿಯಕ್ಕ ಮತ್ತು ವಿಲ್ಲಿ ರಿಜಿಸ್ಟರ್ ಮದುವೆಯಾಗಿ ಊರು ಬಿಟ್ಟಿದ್ದರು.

ಜಾತಿಯಲ್ಲ, ಧರ್ಮವೇ ಬೇರೆ. ಮನೆಯಲ್ಲಿ ಏನೇನು ಆಗಿರಬಹುದು ಎಂದು ನೀವು ಊಹಿಸಿಕೊಳ್ಳಬಹುದು. ಆದರೆ ದೊಡ್ಡಮ್ಮ ಎದೆ ಬಡಿದುಕೊಂಡು ಅಳುವವರಲ್ಲ. ಅವರು ದೂರಿದ್ದು ನನ್ನನ್ನಲ್ಲ, ಮಗಳನ್ನೂ ಅಲ್ಲ. "ಆ ಸೈಟ್ ಇತ್ತಲೆ, ಅದ್ರಿಂದ್ಲೇ ಎಲ್ಲ ಆದ್ದ್" ಎಂದು, ಕಣ್ಣಿಗೆ ಕಾಣದ ಆ ವೆಬ್‌ಸೈಟನ್ನೇ ಬೈದರು. ವಿಲ್ಲಿಯ ಹೆಸರನ್ನು ಬಾಯಲ್ಲಿ ತರಲಿಲ್ಲ, ‘ಆ ಪಟದವ’ ಎಂದರು. ಒಂದೇ ಒಂದು ಸಲ ಸುಮತಿಯಕ್ಕ ಎಲ್ಲಿಂದಲೋ ಫೋನ್ ಮಾಡಿದಳು. ಅವತ್ತು ನಾನು ಅಲ್ಲೇ ಇದ್ದೆ. ದೊಡ್ಡಮ್ಮ ಫೋನ್ ಕಿವಿಗಿಟ್ಟು, ಸ್ವಲ್ಪ ಹೊತ್ತು ಕೇಳಿ, "ಇಲ್ಲ್ ಹಪ್ಳ ಒಣ್ಗ್ಸಿದ್ದ್ ಇತ್ತ್, ಮಳಿ ಬಪ್ಪ ಹಾಂಗಿತ್ತ್, ಇಡ್ತೆ" ಎಂದು ಇಟ್ಟುಬಿಟ್ಟರು. ಆಕಾಶದಲ್ಲಿ ಒಂದು ಹಿಡಿ ಮೋಡ ಇರಲಿಲ್ಲ.

ಆಮೇಲೆ ಆ ನಂಬರಿಗೆ ಫೋನ್ ಮಾಡಿದರೆ ಹೋಗಲಿಲ್ಲ. ತಾಯಿಗೆ ತಕ್ಕ ಮಗಳು. ಪುಣೆಯಲ್ಲಿದ್ದಾರೆ ಎಂದರು ಒಬ್ಬರು, ಗುಜರಾತಿನ ವಾಪಿಯಲ್ಲಿ ಕಂಡೆ ಎಂದರು ಇನ್ನೊಬ್ಬರು. ವಿಲ್ಲಿಗೆ ಬ್ರಹ್ಮಾವರದಲ್ಲಿ ಇದ್ದದ್ದು ಸಾಕಿದ ಮಾವ ಒಬ್ಬರೇ. ನಾನು ಹೋಗಿ ವಿಚಾರಿಸಿದರೆ ಅವರು, "ನಮ್ಗೂ ಹೇಳ್ಲಿಲ್ಲೆ ಮಗಾ" ಎಂದು ಕಣ್ಣೊರೆಸಿಕೊಂಡರು. ವೆಬ್‌ಸೈಟಿನಲ್ಲಿದ್ದ ಪಟಗಳು ಹೋಗಿ, ಅದನ್ನು ತೆರೆದರೆ ಬಿಳಿ ಹಾಳೆ ಬರತೊಡಗಿತು.

ಮರುವರ್ಷ ಬೇಸಗೆಯಲ್ಲಿ ಸುಮ್ಮನೆ ಕುತೂಹಲಕ್ಕೆ ಆ ಹೆಸರನ್ನು ಹೂಈಸಿನಲ್ಲಿ ಹಾಕಿದೆ. ಅವಧಿ ಮುಗಿದು ಹೋಗಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಗಡುವಿಗೆ ನಾಲ್ಕು ದಿನ ಮುಂಚೆ ಯಾರೋ ಹಣ ಕಟ್ಟಿ ಒಂದು ವರ್ಷ ಮುಂದಕ್ಕೆ ಹಾಕಿದ್ದರು. ಒಡೆಯರ ಜಾಗದಲ್ಲಿ ಸುಮತಿಯಕ್ಕನ ಹೆಸರು, ನಾವುಂದದ ವಿಳಾಸ, ಹಾಗೇ ಇತ್ತು. ಸೈಟು ಖಾಲಿ, ಹೆಸರು ಮಾತ್ರ ಜೀವಂತ. ನಾನು ಸ್ಕೂಟರ್ ಹತ್ತಿ ನಾವುಂದಕ್ಕೆ ಹೋದೆ. ದೊಡ್ಡಮ್ಮ ಹಪ್ಪಳ ಮಗುಚುತ್ತಿದ್ದರು. ವಿಷಯ ಹೇಳಿದೆ. ತಿರುಗಿ ನೋಡಲಿಲ್ಲ.

"ಯಾರ್ ಹೆಸ್ರ್?" ಎಂದರು.

"ನಿಮ್ದೇ, ದೊಡ್ಡಮ್ಮ. ಸುಮತಿಯಕ್ಕ ಬಿಡ್ಲಿಲ್ಲೆ."

ಒಂದು ಸಾಲು ಪೂರ್ತಿ ಮಗುಚಿ ಮುಗಿಸಿ, "ಇರ್ಲಿ" ಎಂದರು. ಅಷ್ಟೇ ಅಂದುಕೊಂಡೆ. ಆದರೆ ಮರುವರ್ಷ ಅದೇ ಹೊತ್ತಿಗೆ, ಸಂತೆಯ ದಿನ, ನನ್ನ ಅಂಗಡಿಯ ಮೆಟ್ಟಿಲನ್ನು ಉಸ್ಸೆಂದು ಹತ್ತಿ ಬಂದು ಕೂತರು. ಸೆರಗಿನಿಂದ ಗಾಳಿ ಹಾಕಿಕೊಂಡರು. ಸಂತೆಯಲ್ಲಿ ತೆಂಗಿನಕಾಯಿಗೆ ಬೆಲೆ ಏರಿದ್ದನ್ನು ಹೇಳಿದರು, ಸೊಂಟನೋವು ಹೇಳಿದರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಹೆಸ್ರ್ ಇತ್ತಾ?"

ಅಲ್ಲಿಂದ ಅದೊಂದು ವಾಡಿಕೆಯಾಯಿತು. ಅವರು ಆ ಕಿಟಕಿಗೆ ‘ಪಾತ್ರಿ’ ಎಂದು ಹೆಸರಿಟ್ಟರು. ಮೈಮೇಲೆ ದೈವ ಬಂದು ನುಡಿ ಕೊಡುವವರು ನಮ್ಮಲ್ಲಿ ಪಾತ್ರಿಗಳು. "ನಿನ್ ಪಾತ್ರಿ ಎಂತ ಹೇಳ್ತ್, ಕಾಂಬ" ಎಂದು ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುವರು. ಇಂಗ್ಲಿಷ್ ಬಾರದು, ಆದರೆ ತಾರೀಕು ಯಾವ ಸಾಲಿನಲ್ಲಿ ಇರುತ್ತದೆ ಎಂದು ಅವರಿಗೆ ಗೊತ್ತಾಗಿತ್ತು. ಬೆರಳಿಟ್ಟು ತೋರಿಸುವರು. ಗಡುವಿಗೆ ಎಷ್ಟು ದಿನ ಮೊದಲು ಕಟ್ಟಿದ್ದಾಳೆ ಎಂಬುದು ಅವರಿಗೆ ಮುಖ್ಯ. ಅದು ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುತ್ತಿರಲಿಲ್ಲ. ಯಂತ್ರ ತಾನಾಗಿ ಕಟ್ಟುವುದಾದರೆ ಹಾಗೆ ಏರುಪೇರಾಗುವುದಿಲ್ಲ, ಯಾರದೋ ಕೈ ಬೇಕು. ಅಷ್ಟು ಸಾಕಾಯಿತು ದೊಡ್ಡಮ್ಮನಿಗೆ. "ಈ ಸಲ ಬೇಗ ಕಟ್ಟಿದಳ್, ಮನ್ಸ್ ಸಮಾ ಇತ್ತ್" ಎನ್ನುವರು. ಒಂದು ವರ್ಷ ಗಡುವಿನ ದಿನವೇ ಕಟ್ಟಿದ್ದು ಕಂಡಾಗ ಮುಖ ಸಣ್ಣದಾಯಿತು. "ಎಂತದೋ ತಾಪತ್ರಯ ಆಯ್ತ್ ಅವ್ಳಿಗೆ" ಎಂದು, ಸಂತೆ ಚೀಲವನ್ನು ಅಲ್ಲೇ ಮರೆತು ಬಸ್ಸು ಹತ್ತಿದರು. ಮಗಳ ವರ್ಷ ಹೇಗೆ ಕಳೆಯಿತು ಎಂಬುದನ್ನು ಅವರು ಆ ಒಂದು ತಾರೀಕಿನಲ್ಲಿ ಓದಿಕೊಳ್ಳುತ್ತಿದ್ದರು. ನಾನು ನಗುತ್ತಿದ್ದೆ. ಅವರು ಹೋದ ಮೇಲೆ ನಾನೂ ಅದನ್ನೇ ಮಾಡುತ್ತಿದ್ದೆ.

ನಡುವೆ ಒಂದು ವರ್ಷ ಒಡೆಯರ ಹೆಸರೇ ಪರದೆಯಿಂದ ಮಾಯವಾಯಿತು. ಅದರ ಜಾಗದಲ್ಲಿ, ಗೋಪ್ಯಕ್ಕಾಗಿ ಮುಚ್ಚಿಡಲಾಗಿದೆ ಎಂಬರ್ಥದ ಮಾತು ಬಂತು.

"ಅವ್ಳ್ ಹೆಸ್ರ್ ಅಳ್ಸಿದ್ದ್ ಯಾರ್?" ದೊಡ್ಡಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

"ಅಳ್ಸಲಿಲ್ಲೆ ದೊಡ್ಡಮ್ಮ, ಮುಚ್ಚಿದ್ದ್. ಹೊಸ ಕಾನೂನ್ ಬಂತಂಬ್ರ್. ಎಲ್ಲರದ್ದೂ ಮುಚ್ಚಿರ್."

"ಎಲ್ಲರದ್ದೂ?"

"ಎಲ್ಲರದ್ದೂ."

"ಹಾಂಗಾರೆ ಅಡ್ಡಿಲ್ಲೆ" ಎಂದು ಕೂತರು. ಒಡೆಯರಿಗೆ ಸಂದೇಶ ಕಳಿಸಲು, ಹೆಸರು ಕೊಟ್ಟ ಕಂಪನಿಯವರು ಒಂದು ಪುಟ ಇಟ್ಟಿದ್ದರು. ನಾವು ಬರೆದದ್ದನ್ನು ಅವರು ತಲುಪಿಸುತ್ತಾರೆ, ವಿಳಾಸ ಮಾತ್ರ ನಮಗೆ ಕಾಣಿಸುವುದಿಲ್ಲ. ಅದರಲ್ಲಿ ನಾನು ಎರಡು ಸಲ ಸುಮತಿಯಕ್ಕನಿಗೆ ಬರೆದೆ. ಉತ್ತರ ಬರಲಿಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಲಿಲ್ಲ, ಹೇಳುವಂಥದ್ದು ಏನಿತ್ತು?

ಹೋದ ವರ್ಷದ ಬೇಸಗೆಗೆ ಬರುತ್ತೇನೆ. ಗಡುವು ಹತ್ತಿರ ಬಂದರೂ ತಾರೀಕು ಅಲ್ಲಾಡಲಿಲ್ಲ. ಮೊದಮೊದಲು ದಿನಕ್ಕೊಮ್ಮೆ ನೋಡುತ್ತಿದ್ದವಳು, ಆಮೇಲೆ ಪ್ರಿಂಟರಿನಿಂದ ಒಂದು ಹಾಳೆ ಹೊರಬರುವಷ್ಟರಲ್ಲಿ ಒಮ್ಮೆ ನೋಡತೊಡಗಿದೆ. ಊಟಕ್ಕೆ ಕೂತವಳು ಅರ್ಧಕ್ಕೆ ಎದ್ದು ನೋಡಿದೆ. ಆ ವಾರ ಅಚ್ಚಾದ ಒಂದು ಮದುವೆ ಕಾಗದದಲ್ಲಿ ವರನ ಜಾಗದಲ್ಲಿ ವರನ ಅಪ್ಪನ ಹೆಸರು ಬಂದುಬಿಟ್ಟಿತ್ತು. ಅಪ್ಪನೇ ಬಂದು, "ನಂಗ್ ಒಂದ್ ಮದಿ ಸಾಕ್ ಮಾರಾಯ್ತಿ" ಎಂದು ಕೈಮುಗಿದು ಹೋದರು. ಗಡುವಿನ ದಿನವೂ ಕಳೆಯಿತು. ಮರುದಿನ ನೋಡಿದರೆ ತಾರೀಕು ಒಂದು ವರ್ಷ ಮುಂದಕ್ಕೆ ಹಾರಿತ್ತು! ಕೂಡಲೇ ನಾವುಂದಕ್ಕೆ ಫೋನ್ ಮಾಡಿ, "ಇತ್ತ್ ದೊಡ್ಡಮ್ಮ" ಎಂದೆ. ಅವರು "ಹೂಂ" ಎಂದದ್ದರಲ್ಲಿ ನಗು ಕೇಳಿಸಿತು.

ಆದರೆ ಕಿಟಕಿಯಲ್ಲಿದ್ದ ಒಂದು ಸಾಲನ್ನು ನಾನು ಸರಿಯಾಗಿ ಓದಿರಲಿಲ್ಲ. ಎಲ್ಲ ಹೆಸರುಗಳನ್ನು ಇಡುವ ಮೂಲ ದಾಖಲೆಯಲ್ಲಿ ತಾರೀಕು ಮೊದಲು ತಾನಾಗಿಯೇ ಮುಂದಕ್ಕೆ ಹೋಗುತ್ತದಂತೆ. ಕೆಲವು ವಾರ ಕಾಯುತ್ತಾರೆ. ಒಡೆಯರು ಕಟ್ಟಲೇ ಇಲ್ಲ ಎಂದಾದರೆ ಹೆಸರನ್ನು ವಾಪಸು ತೆಗೆದುಕೊಳ್ಳುತ್ತಾರೆ. ಹಾಗೆ ತೆಗೆದಾಗ ಕಾಣುವ ಮಾತೇ ರಿಡೆಂಪ್ಶನ್ ಪೀರಿಯಡ್. ಆ ಅವಧಿಯೊಳಗೆ ಹಳೆಯ ಒಡೆಯರು ಬಂದು ಬಿಡಿಸಿಕೊಂಡರೆ ಉಂಟು, ಇಲ್ಲದಿದ್ದರೆ ಹೆಸರು ಬೀದಿಗೆ, ಸಿಕ್ಕವರಿಗೆ. ಒಂದು ಮಧ್ಯಾಹ್ನ ಆ ಸಾಲು ಕಂಡಿತು. ಅಂಗಡಿ ಮುಚ್ಚಿ ಹೊರಟೆ. ಆ ದಿನ ಬೀಗ ಜಗ್ಗಿ ನೋಡಲಿಲ್ಲ.

ದೊಡ್ಡಮ್ಮ ಜಗಲಿಯಲ್ಲಿ ಹಪ್ಪಳದ ಮಣೆಯ ಮುಂದೆ ಕೂತಿದ್ದರು. ನನ್ನ ಮುಖ ನೋಡಿಯೇ ಕೇಳಿದರು: "ಹೋಯ್ತಾ?"

"ಹೋಯ್ಲಿಲ್ಲೆ. ಬಿಡಿಸ್ಕಂಬುಕೆ ಇನ್ನೂ ಸಲ್ಪ ದಿನ ಇತ್ತ್. ಆರೆ ಅವ್ಳೇ ಬಿಡಿಸ್ಕಣ್ಕ್."

"ನಾವ್ ಬಿಡಿಸ್ಕಂಬುಕ್ ಆತ್ತಿಲ್ಲ್ಯಾ?"

"ಇಲ್ಲೆ ದೊಡ್ಡಮ್ಮ."

ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಅವರು ಉರುಟು ಮಾಡುತ್ತಲೇ ಇದ್ದರು. ಆಗಲೇ ಉರುಟಾಗಿದ್ದ ಉಂಡೆ ಅದು. ಆಮೇಲೆ ಬಹಳ ಮೆಲ್ಲಗೆ, ಒಳಗಿದ್ದ ಸೊಸೆಗೆ ಕೇಳದ ಹಾಗೆ, "ಅವ್ಳ್ ಇದ್ದಳಾ?" ಎಂದರು.

ನಾನು ಸ್ಕೂಟರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಳಗೇ ಅದುಮಿಟ್ಟುಕೊಂಡಿದ್ದ ಪ್ರಶ್ನೆ ಅದೇ. ಫೋನ್ ತೆಗೆದು ಆ ಕಂಪನಿಯವರ ಪುಟ ತೆರೆದು, "ಎಂತ ಬರೆಯೂದ್, ನೀವೇ ಹೇಳಿ" ಎಂದೆ. ದೊಡ್ಡಮ್ಮ ಶುರು ಮಾಡಿದರು. ಮೊದಲು ಬೈಗುಳ ಬಂತು. ಮನೆಯ ದೇವರಿಗೆ ಹೇಳಿಕೊಂಡ ಹರಕೆ ಬಂತು. ಅಣ್ಣನ ಮಗು ಅತ್ತೆಯನ್ನು ಕಂಡೇ ಇಲ್ಲ ಎಂಬುದು ಬಂತು. ಅಲ್ಲಿ ಇಷ್ಟೇ ಅಕ್ಷರ ಎಂದು ಲೆಕ್ಕವಿದೆ ದೊಡ್ಡಮ್ಮ, ಗಿಡ್ಡ ಮಾಡಿ ಎಂದೆ. ಒಂದೊಂದಾಗಿ ಬಿಡುತ್ತಾ ಬಂದರು. ಕೊನೆಗೆ ಉಳಿದದ್ದು ಇಷ್ಟು: "ಹೆಸ್ರ್ ಬಿಡ್ಬೇಡ. ಬಿಡೂದಾರೆ ಬಂದ್ ನನ್ ಮುಂದೆ ಹೇಳಿ ಬಿಡ್." ಕೆಳಗೆ ‘ಅಮ್ಮ ಹೇಳಿದ್ದು’ ಎಂದು ಸೇರಿಸಿ, ನನ್ನ ನಂಬರು ಹಾಕಿ ಕಳಿಸಿದೆ.

ಆ ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಫೋನ್ ಗುಂಯ್ ಅಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆ. ನೋಡಿದರೆ ಬ್ಯಾನರಿಗೆ ಯಾರದೋ ಫೋಟೊ. ಹೆಸರು ಹೋಗಿಬಿಟ್ಟರೆ ಏನು ಮಹಾ, ಒಂದು ಖಾಲಿ ಸೈಟು ತಾನೇ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡು, ಹೇಳಿ ಮುಗಿಯುವ ಮೊದಲೇ ಕಿಟಕಿ ತೆರೆದಿರುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ಹೆಸ್ರ್ ಹೋಯ್ತಾ?" ಎಂದಿತು ಗಂಡಸಿನ ದನಿ.

"ಯಾರ್ ಮಾತಾಡುದ್?"

"ನಾನ್ ವಿಲ್ಲಿ. ಬ್ರಹ್ಮಾವರದ ವಿಲ್ಲಿ. ಹೆಸ್ರ್ ಹೋಯ್ತಾ, ಇತ್ತಾ ಹೇಳಿ."

"ಇತ್ತ್, ಇತ್ತ್. ಸುಮತಿಯಕ್ಕ?"

"ಸಮಾ ಇದ್ದಳ್."

ಉಳಿದದ್ದನ್ನೂ ಅವನೇ ಹೇಳಿದ. ಅವರು ಇದ್ದದ್ದು ಪುಣೆಯಲ್ಲೂ ಅಲ್ಲ, ವಾಪಿಯಲ್ಲೂ ಅಲ್ಲ, ಗೋವಾದ ಮಡಗಾಂವಿನಲ್ಲಿ. ಬೈಂದೂರಿನಲ್ಲಿ ರೈಲು ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಸುಮತಿಯಕ್ಕ ಚಿಕ್ಕ ಮಕ್ಕಳ ಶಾಲೆಯಲ್ಲಿ ಕಲಿಸುತ್ತಾಳೆ, ವಿಲ್ಲಿ ಮದುವೆಗಳ ಫೋಟೊ ತೆಗೆಯುತ್ತಾನೆ. ಹಾಗೆ ಒಂದು ಮದುವೆಯಲ್ಲಿ ಎಲ್ಲರನ್ನೂ ಒಂದೇ ಪಟದಲ್ಲಿ ಹಿಡಿಸಲು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತಿದ್ದಾನೆ, ಕುರ್ಚಿ ಮುರಿದಿದೆ, ಅದರ ಜೊತೆ ಕೈಯೂ. ಆಸ್ಪತ್ರೆ, ಆಪರೇಷನ್ನು. ಕಂಪನಿಯವರ ನೆನಪೋಲೆಗಳು ತೆರೆಯದ ಲ್ಯಾಪ್‌ಟಾಪಿನಲ್ಲೇ ಉಳಿದಿವೆ. ಹಿಂದಿನ ದಿನ ಅದನ್ನು ತೆರೆದಾಗಲೇ ದೊಡ್ಡಮ್ಮನ ಮಾತು ಕಂಡದ್ದು.

"ನೀವ್ ಎಂತಕೆ ಕಟ್ಟುದ್? ಸುಮತಿಯಕ್ಕ ಅಲ್ದಾ?" ಎಂದೆ.

"ಅವ್ಳಿಗ್ ಗೊತ್ತೇ ಇರ್ಲಿಲ್ಲೆ. ಆ ಹೆಸ್ರ್ ಬಿಟ್ಬಿಡಿ ಅಂತ ಮೊದ್ಲ್ ವರ್ಷವೇ ಹೇಳಿದ್ಳ್. ಊರ್ ಸುದ್ದಿ ಎತ್ತುಕಿಲ್ಲೆ ಅಂತ ಆಣೆ ಹಾಕ್ಸಿಕಂಡಿದ್ಳ್. ದಾಖಲೆಯಗೆ ಕೊಟ್ಟ ಇಮೇಲ್ ನಂದೇ, ನಿಮ್ ಮೆಸೇಜ್ ಬಂದದ್ದ್ ಓದಿದ್ದೆ, ಎಂತ ಮಾಡುದ್ ಗೊತ್ತಾಯ್ಲಿಲ್ಲೆ. ನಂಗೆ ಬಿಡೂಕ್ ಮನ್ಸ್ ಬರ್ಲಿಲ್ಲೆ. ಅವ್ರ ಮಗ್ಳನ್ನ್ ಕರ್ಕಂಡ್ ಬಂದೆ. ಹೆಸ್ರನ್ನಾರೂ ಕಾದ್ ಇಡ್ಕ್ ಅಂತ ಕಂಡ್ತ್."

"ಈಗ ಅವ್ಳಿಗೆ ಹೇಳ್ದ್ರ್ಯಾ?"

"ಅಮ್ಮ ಹೇಳಿದ್ದನ್ನ್ ಓದಿ ಹೇಳ್ದೆ. ಎದ್ದ್ ಹೋಯಿ ಬಟ್ಟಿ ಒಣ್ಗ್ಸಿದಳ್. ಒಣ್ಗಿದ್ ಬಟ್ಟಿಯನ್ನೇ ಮತ್ತೊಂದ್ ಸಲ ಒಣ್ಗ್ಸಿದಳ್."

ಆ ದಿನವೇ ವಿಲ್ಲಿ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಹೆಸರನ್ನು ಬಿಡಿಸಿಕೊಂಡ. ನಾನು ನಾವುಂದಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಮಗಳು ಸಮಾ ಇದ್ದಾಳೆ ಎಂದಾಗ ದೊಡ್ಡಮ್ಮ ಕಣ್ಣು ಮುಚ್ಚಿ ಎದೆಗೆ ಕೈ ಒತ್ತಿಕೊಂಡರು. ಇಷ್ಟು ವರ್ಷ ಕಟ್ಟಿದ್ದು ಅವಳಲ್ಲ, ವಿಲ್ಲಿ ಎಂದಾಗ ಕಣ್ಣು ಬಿಟ್ಟರು. ಮಣೆಯಲ್ಲಿ ಒಂದು ಉಂಡೆ ಇಟ್ಟು ಒತ್ತಿದರು. ಒತ್ತಿದ ಕೈ ಎತ್ತುವುದನ್ನೇ ಮರೆತರು. ಕೊನೆಗೆ ಎತ್ತಿದಾಗ ಹಪ್ಪಳ ಕಾಗದದ ಹಾಗೆ ತೆಳ್ಳಗಾಗಿ ಹರಿದಿತ್ತು.

"ಆ ವರ್ಷ, ಕಡೇ ದಿನ ಕಟ್ಟಿದ್ದ್ ಇತ್ತಲೆ" ಎಂದರು. "ಆ ತಾಪತ್ರಯ ಅವ್ನಿಗಾ?"

"ಹಾಂಗೇ ಆಯ್ಕ್."

"ನಾನ್ ಅವ್ಳಿಗ್ ಅಂತ ಹರ್ಕಿ ಹೇಳ್ಕಂಡಿದ್ದೆ." ಹರಿದ ಹಪ್ಪಳವನ್ನು ಕೆರೆದು ತೆಗೆದು ಮತ್ತೆ ಉಂಡೆ ಮಾಡತೊಡಗಿದರು. ಆಮೇಲೆ ಕೇಳಿದರು: "ಯಾವ ಕೈ ಮುರ್ದದ್ದ್?"

"ಬಲಗೈ."

"ಹಾಂಗಾರೆ ಉಂಬುದ್ ಹ್ಯಾಂಗೆ?"

ಅವರೇ ಮುಂದುವರಿಸಿದರು: "ಬಪ್ಪುಕ್ ಹೇಳ್. ಇಬ್ರಿಗೂ."

ಬರುತ್ತೇವೆ ಎಂದ ದಿನ ನಾನು ಬೆಳಿಗ್ಗೆಯೇ ನಾವುಂದದಲ್ಲಿದ್ದೆ. ಸುಮತಿಯಕ್ಕನ ಅಣ್ಣ ಬೈಂದೂರಿನಲ್ಲಿ ಕೆಲಸವಿದೆ ಎಂದು ಹೊರಟುಹೋದ. ದೊಡ್ಡಮ್ಮ ಅಂಗಳಕ್ಕೂ ಅಡುಗೆಮನೆಗೂ ಓಡಾಡಿದರು, ನಾನು ಅಂಗಳಕ್ಕೂ ಗೇಟಿಗೂ. ಹೆದ್ದಾರಿಯಲ್ಲಿ ಬಸ್ಸು ನಿಂತ ಸದ್ದಾದಾಗಲೆಲ್ಲ ಇಬ್ಬರೂ ನಿಲ್ಲುತ್ತಿದ್ದೆವು. ಕೊನೆಗೆ ಗೇಟು ತೆರೆದು ಒಳಗೆ ಬಂದವನು ವಿಲ್ಲಿ ಒಬ್ಬನೇ. ಕೈಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ನೇತು ಹಾಕಿತ್ತು. ಕೂದಲು ನೆರೆಯತೊಡಗಿತ್ತು. ದೊಡ್ಡಮ್ಮ ಅವನನ್ನು ನೋಡಿದರು, ಅವನ ಹಿಂದೆ ನೋಡಿದರು.

"ಅವ್ಳೆಲ್ಲ್?"

ವಿಲ್ಲಿ ತಿರುಗಿದ. ಹಿಂದೆ ಯಾರೂ ಇರಲಿಲ್ಲ. "ಬಸ್ಸಗೆ ನನ್ ಹಿಂದೇ ಇದ್ದಳಲೆ. ರಶ್ ಇತ್ತ್. ನಾನ್ ಇಳ್ದೆ, ಅವ್ಳೂ ಇಳ್ದಳ್ ಅಂತ..." ಅಷ್ಟರಲ್ಲಿ ಅವನ ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಎಡಗೈಯಲ್ಲಿ ತಡಕಾಡಿ ತೆಗೆದ. ಕೇಳಿ, ಫೋನನ್ನು ಎದೆಗೆ ಒತ್ತಿಕೊಂಡು ನಮಗೆ ಹೇಳಿದ: "ತ್ರಾಸಿಯಗೆ ಇಳ್ದಳಂಬ್ರ್. ನಾವುಂದ ಬಂದಾಗ ಕಾಲ್ ಏಳ್ಲಿಲ್ಲೆ ಅಂಬ್ರ್. ಬಪ್ಪುಕ್ ಆತ್ತಿಲ್ಲೆ, ನೀವ್ ಮಾತಾಡಿ ಬನ್ನಿ ಅಂತ್ಳ್."

ನಾನು ದೊಡ್ಡಮ್ಮನ ಮುಖ ನೋಡಿದೆ. ಮತ್ತೆ ಮಳೆ ಬರುವ ಹಾಗಿದೆ ಎಂದು ಒಳಗೆ ಹೋಗಿಬಿಡುತ್ತಾರೋ ಎಂದು ಹೆದರಿಕೆಯಾಯಿತು. ಅವರು ವಿಲ್ಲಿಗೆ ಜಗಲಿಯ ಕುರ್ಚಿ ತೋರಿಸಿ, "ನೀವ್ ಕೂಕಣಿ" ಎಂದರು. ಒಳಕ್ಕೆ ಕತ್ತು ಚಾಚಿ ಸೊಸೆಗೆ, "ಇವ್ರಿಗ್ ಬಾಯಾರಿಕೆ, ತಿಂಡಿ ಕೊಡ್. ಚಮ್ಚ ಇಟ್ಟ್ ಕೊಡ್, ಕೈ ಆತ್ತಿಲ್ಲೆ" ಎಂದರು. ಆಮೇಲೆ ನನಗೆ, "ನಿನ್ ಸ್ಕೂಟರ್ ತೆಗಿ."

ಅವರು ಆವರೆಗೆ ಸ್ಕೂಟರ್ ಹತ್ತಿದವರಲ್ಲ. ಅಡ್ಡ ಕೂತು, ಹಿಟ್ಟು ಮೆತ್ತಿದ ಕೈಯಿಂದ ನನ್ನ ಭುಜವನ್ನು ಉಗುರು ನಾಟುವ ಹಾಗೆ ಹಿಡಿದರು. ಮರವಂತೆಯಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಅವರು ಎರಡನ್ನೂ ನೋಡಲಿಲ್ಲ. "ಬೇಗ ಹೋಗ್, ಇಲ್ದಿರೆ ಬಸ್ ಹತ್ತುಗು ಅವ್ಳ್" ಎಂದು ಒಂದೇ ಸಮನೆ ಹೇಳುತ್ತಿದ್ದರು.

ಸುಮತಿಯಕ್ಕ ತ್ರಾಸಿಯಲ್ಲಿ ಕಡಲಿನ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಸ್ವಲ್ಪ ದಪ್ಪವಾಗಿದ್ದಳು, ಕನ್ನಡಕ ಬಂದಿತ್ತು. ಮಡಿಲಲ್ಲಿ ಬ್ಯಾಗು. ದೊಡ್ಡಮ್ಮ ಇಳಿದು, ಸೀರೆ ಸರಿ ಮಾಡಿಕೊಂಡು ಹೋಗಿ ಎದುರು ನಿಂತರು.

"ಇಷ್ಟ್ ಬಿಸ್ಲಗೆ ಎಂತಕೆ ಕೂತ್ಕಂಡದ್ದ್?"

ಸುಮತಿಯಕ್ಕ ತಲೆಯೆತ್ತಿದಳು. ಮೊದಲು ಕಂಡದ್ದು ತಾಯಿ, ಆಮೇಲೆ ನಾನು, ಆಮೇಲೆ ಸ್ಕೂಟರು. "ನೀನ್ ಇದ್ರಗೆ ಬಂದ್ಯಾ?"

"ಹೂಂ. ಸೊಂಟ ಮುರ್ದೋಯ್ತ್."

ಸುಮತಿಯಕ್ಕ ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಒಂದ್ ದಿನವೂ ನೀನ್ ಕರೀಲಿಲ್ಲೆ, ಅಮ್ಮ."

"ಕರೂಕೆ ನಂಬ್ರ್ ಎಲ್ಲಿತ್ತ್?"

"ಯಾರತ್ರಾರೂ ಕೇಂಡಿದ್ಯಾ?"

ಗಾಳಿ ಜೋರಾಗಿತ್ತು. ದೊಡ್ಡಮ್ಮ ಸೆರಗು ಹಿಡಿದುಕೊಂಡು ನಿಂತಿದ್ದರು. ಸುಳ್ಳು ಹೇಳಬಹುದಿತ್ತು. ನಾನು ಅವರ ಪರವಾಗಿ ಒಂದು ಸುಳ್ಳನ್ನು ಸಿದ್ಧ ಮಾಡಿಯೂ ಇಟ್ಟುಕೊಂಡಿದ್ದೆ.

"ಇಲ್ಲೆ" ಎಂದರು. "ಕೇಂಬುಕೆ ಬಾಯ್ ಬರ್ಲಿಲ್ಲೆ. ಹೆಸ್ರ್ ಇತ್ತಾ ಅಂತ ವರ್ಷಕ್ಕೊಂದ್ ಸಲ ಇವ್ಳತ್ರ ಕೇಂತಿದ್ದೆ. ಅಷ್ಟೇ."

ಸುಮತಿಯಕ್ಕ ತಾಯಿಯ ಕೈ ಹಿಡಿದು, ಬೆರಳಿಗೆ ಅಂಟಿ ಒಣಗಿದ್ದ ಹಿಟ್ಟನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು. ನಾನು ರಸ್ತೆಗೆ ಹೋಗಿ ರಿಕ್ಷಾ ನಿಲ್ಲಿಸಿದೆ.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಅಣ್ಣ ಇವತ್ತಿಗೂ ವಿಲ್ಲಿಯ ಜೊತೆ ಸೆಕೆಯ ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲ. ತನಗೆ ತಿಳಿಸದೆ ಹೆಸರು ಉಳಿಸಿಕೊಂಡದ್ದಕ್ಕೆ ಸುಮತಿಯಕ್ಕ ಗಂಡನ ಮೇಲೆ ಮಾಡಿಕೊಂಡ ಸಿಟ್ಟು ಒಂದು ಮಳೆಗಾಲ ಇತ್ತಂತೆ. ಊರಿನ ಕೆಲವು ಮನೆಗಳಿಂದ ಅವರಿಗೆ ಕರೆ ಬರುವುದಿಲ್ಲ. ಆದರೂ ಈ ಬೇಸಗೆಯ ರಜೆಗೆ ಇಬ್ಬರೂ ಬಂದಿದ್ದಾರೆ, ಹಪ್ಪಳ ಮುಗಿಯುವವರೆಗೆ ಇರುತ್ತಾರಂತೆ.

ಬಸ್ರೂರಿನ ಹೆಂಗಸಿಗೆ ನಾನು ಹೇಳಿದೆ, ಆ ಹೆಸರಿಗೆ ಇನ್ನೂ ಒಬ್ಬರ ಹಕ್ಕಿದೆ, ಅವರು ಬಂದರೂ ಬಂದಾರು ಎಂದು. "ಬಪ್ಪುದಾರೆ ಬರ್ಲಿ, ಪಾಪ" ಎಂದು ಅವಳು ಬೇರೆ ಹೆಸರು ಆರಿಸಿಕೊಂಡು ಹೋದಳು. ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಕೈ ತಾನಾಗಿ ದೊಡ್ಡಮ್ಮನ ಹೆಸರನ್ನು ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿ ಮುಗಿಸಿತ್ತು. ಎಂಟರ್ ಒತ್ತುವ ಬೆರಳನ್ನು ಹಿಡಿದು ನಿಲ್ಲಿಸಿದೆ. ಕೂತಿರಲೂ ಆಗಲಿಲ್ಲ. ಫೋನ್ ತೆಗೆದು ನಾವುಂದಕ್ಕೆ ಕರೆ ಮಾಡಿದೆ. ಎತ್ತಿದ್ದು ಸುಮತಿಯಕ್ಕ.

"ಎಂತ ಮಾರಾಯ್ತಿ, ಅಂಗ್ಡಿ ಹೊತ್ತಗೆ?"

"ಎಂತ ಇಲ್ಲೆ. ಸುಮ್ನೆ."

"ಸುಮ್ನೆಯಾ?" ಅವಳು ನಂಬಲಿಲ್ಲ. ಅವಳ ಹಿಂದೆ ಅಂಗಳದ ಗಲಾಟೆ ಕೇಳುತ್ತಿತ್ತು. ಯಾರೋ ಚಾಪೆ ಕೊಡವುತ್ತಿದ್ದರು. ಅದೆಲ್ಲದರ ಮೇಲೆ ದೊಡ್ಡಮ್ಮನ ದನಿ, ಅಳಿಯನ ಮೇಲೆ ಹರಿಹಾಯುತ್ತಿತ್ತು: "ಹ್ವಾಯ್, ಪಟ ಆಮೇಲೆ ತೆಗೀಲಕ್ಕ್! ಮೊದ್ಲ್ ಹಪ್ಳಕ್ ಬಂದ ಆ ಕಾಕಿ ಓಡ್ಸಿ ಕಾಂಬ!"

ಅಂಗಳದಲ್ಲಿ ಯಾರೋ ಚಪ್ಪಲಿಯಿಲ್ಲದೆ ದಡದಡ ಓಡಿದ ಸದ್ದು ಕೇಳಿಸಿತು.